ಮೂಳೆಯೊಳಗಿನ ರಕ್ತನಾಳ ಮತ್ತು ಫ್ಲೋರೈಡ್ ನೀರು: ಒಂದು ಟಿಪ್ಪಣಿ

ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ತಾಲ್ಲೂಕುಗಳ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಖನಿಜಗಳಿಂದಲೇ ಅದು ಅಂತರ್ಜಲಕ್ಕೆ ಸೇರುತ್ತದೆ. ಅಂಥ ನೀರನ್ನು ಎಳವೆಯಿಂದ ಕುಡಿದವರ ಹಲ್ಲಿನಲ್ಲಿ ಕಂದು ಪಟ್ಟೆ ಮೂಡುತ್ತದೆ. ವರ್ಷಗಟ್ಟಲೆ ಕುಡಿದವರ ಬೆನ್ನು, ಕತ್ತು ಬಗ್ಗದಂತಾಗುತ್ತವೆ. ಫ್ಲೋರೋಸಿಸ್ ಎಂಬ ಈ ಕಾಯಿಲೆ ಭಾರತದಲ್ಲಿ ಮೊದಲು ವರದಿಯಾದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ.

ಫ್ಲೋರೋಸಿಸ್ ಚರ್ಚೆ ಸಾಮಾನ್ಯವಾಗಿ ಮೂಳೆಯ ಖನಿಜದ ಸುತ್ತಲೇ ನಡೆಯುತ್ತದೆ. ಮೂಳೆಗೆ ರಕ್ತ ಒಯ್ಯುವ ನಾಳಗಳತ್ತಲೂ ನೋಡಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಆಧಾರ ಸುಂಡಿಲಿಗಳ ಮೇಲೆ ನಡೆದ ಸಂಶೋಧನೆ.

ರಕ್ತನಾಳ ಬೆಳೆಸುವ ವಿಇಜಿಎಫ್ ಪ್ರೋಟೀನಿನ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಇಲ್ಲವಾದರೂ ಸುಂಡಿಲಿಯ ಭ್ರೂಣ ಗರ್ಭದಲ್ಲೇ ಸಾಯುತ್ತದೆ ಎಂದು 1996ರಲ್ಲಿ ತಿಳಿಯಿತು. 1999ರಲ್ಲಿ, ಬೆಳೆಯುತ್ತಿರುವ ಮರಿಗಳಲ್ಲಿ ಅದೇ ಪ್ರೋಟೀನನ್ನು ತಡೆದಾಗ ಮೃದ್ವಸ್ಥಿ ದಪ್ಪಗಾಯಿತು, ಮೂಳೆ ಕಟ್ಟುವ ಕೆಲಸ ಕುಂಠಿತವಾಯಿತು. ತಡೆ ತೆಗೆದ ಮೇಲೆ ಬೆಳವಣಿಗೆ ಮರಳಿತು. 2014ರಲ್ಲಿ ಅಂಜಲಿ ಕುಸುಂಬೆ, ಶರವಣ ರಾಮಸಾಮಿ, ರಾಲ್ಫ್ ಆಡಮ್ಸ್ ಅವರು ಮೂಳೆಯ ತುದಿಯಲ್ಲಿರುವ 'ಎಚ್ ಮಾದರಿ' ಲೋಮನಾಳಗಳನ್ನು ಗುರುತಿಸಿದರು. ಮೂಳೆ ಕಟ್ಟುವ ಎಳೆಯ ಕೋಶಗಳು ಇವುಗಳ ಮಗ್ಗುಲಲ್ಲೇ ನೆಲೆಸುತ್ತವೆ. ವಯಸ್ಸಾದಂತೆ ಈ ನಾಳಗಳು ಕ್ಷೀಣಿಸುತ್ತವೆ. ಎಚ್‌ಐಎಫ್-1 ಆಲ್ಫಾ ಎಂಬ ನಿಯಂತ್ರಕವನ್ನು ಔಷಧದಿಂದ ಉಳಿಸಿಕೊಂಡಾಗ ಮುದಿ ಸುಂಡಿಲಿಯಲ್ಲೂ ನಾಳ ಮತ್ತು ಮೂಳೆ ಎರಡೂ ಹೆಚ್ಚಿದವು. ರಕ್ತನಾಳ ಇಲ್ಲಿ ಬರೀ ಆಹಾರ ಸಾಗಿಸುವುದಿಲ್ಲ, ಮೂಳೆಯ ಬೆಳವಣಿಗೆಯನ್ನೇ ನಡೆಸುತ್ತದೆ.

ಇದನ್ನು ನೇರವಾಗಿ ಪಾವಗಡದ ಮನುಷ್ಯರಿಗೆ ಅನ್ವಯಿಸುವುದು ತಪ್ಪು. ಫ್ಲೋರೈಡ್ ಕುರಿತ ಪ್ರಯೋಗಗಳಲ್ಲಿ ಸುಂಡಿಲಿಗಳಿಗೆ ಲೀಟರ್ ನೀರಿಗೆ 50 ಮಿಲಿಗ್ರಾಂವರೆಗೂ ಅದನ್ನು ಕೊಟ್ಟಿದ್ದಾರೆ. ತಳಿಯೂ ಮುಖ್ಯ: ಅಷ್ಟೇ ಫ್ಲೋರೈಡಿಗೆ ಎ/ಜೆ ತಳಿಯ ಹಲ್ಲು ಬೇಗ ಕೆಟ್ಟಿತು, 129ಪಿ3/ಜೆ ತಳಿಯದು ತಡೆದುಕೊಂಡಿತು. ಹಾಗಾದರೆ ಒಂದೇ ಬೋರ್‌ವೆಲ್ಲಿನ ನೀರು ಕುಡಿದ ಇಬ್ಬರ ಮೂಳೆ ಒಂದೇ ರೀತಿ ಕೆಡಬೇಕೆಂದೇನಿಲ್ಲ.

ಊಟದ ಲೆಕ್ಕವೂ ಬೇಕು. ಕರುಳಿನಲ್ಲಿ ಕ್ಯಾಲ್ಸಿಯಂ ಫ್ಲೋರೈಡನ್ನು ಹಿಡಿದಿಟ್ಟು ಅದು ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಗೆಂದು ರಾಗಿ ಉಂಡರೆ ಸಾಕು ಎನ್ನಲಾಗದು. ಈ ನಾಲ್ಕು ತಾಲ್ಲೂಕುಗಳಲ್ಲಿ ಸಮೀಕ್ಷೆಗೆ ಹೊರಡುವವರು ಕುಡಿಯುವ ಫಿಲ್ಟರ್ ನೀರಿನ ಜೊತೆ ಮುದ್ದೆಗೆ ಎಸರಿಡುವ ನೀರಿನ ಮಾದರಿಯನ್ನೂ ತೆಗೆದುಕೊಳ್ಳಬೇಕು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದರ ಸಾಂದ್ರತೆ ಏರುತ್ತದೆ.