ಇಂಗ್ಲಿಷ್ ಕಲಿಕೆಗೆ ಆ್ಯಪ್: ಮೊಬೈಲ್ ಜತೆ ಪಾಲಕರೂ ಕೂರಲಿ

ಕಲಬುರಗಿ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದ ಮಕ್ಕಳಿಗೆ ಭಾಷೆಗಳ ಕೊರತೆಯಿಲ್ಲ. ಕನ್ನಡ, ದಖನಿ ಉರ್ದು, ತೆಲುಗು, ಲಂಬಾಣಿ ಮಾತುಗಳ ನಡುವೆಯೇ ಅವರು ಬೆಳೆಯುತ್ತಾರೆ. ಕೊರತೆಯಿರುವುದು ಇಂಗ್ಲಿಷ್ ಕಿವಿಗೆ ಬೀಳುವ ಸಂದರ್ಭಗಳದ್ದು. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಕಲಿಸಲಾಗುತ್ತಿದೆ. ಆದರೆ ಶಾಲೆಯ ಗಂಟೆ ಬಾರಿಸಿದ ಬಳಿಕ ಆ ಭಾಷೆಯ ನಂಟು ಬಹುತೇಕ ಕಡಿದುಹೋಗುತ್ತದೆ.

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಕಲಬುರಗಿ ಜಿಲ್ಲೆ ಶೇ 42.43 ಫಲಿತಾಂಶದೊಂದಿಗೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. ಇದು ಇಂಗ್ಲಿಷ್ ಒಂದರ ಲೆಕ್ಕವಲ್ಲ. ಆದರೆ ಓದುವ ಅಭ್ಯಾಸ ಎಳವೆಯಲ್ಲೇ ಗಟ್ಟಿಯಾಗಬೇಕೆಂಬುದಕ್ಕೆ ಎಚ್ಚರಿಕೆಯಂತೂ ಹೌದು.

ಆ್ಯಪ್ ಏಕೆ?

ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಇಂಗ್ಲಿಷ್ ಹಾಗಲ್ಲ. ‘ಕ್ಯಾಟ್’ ಹಾಗೂ ‘ಸಿಟಿ’ ಎರಡೂ ‘ಸಿ’ ಅಕ್ಷರದಿಂದಲೇ ಆರಂಭವಾಗುತ್ತವೆ. ಪಶ್ಚಿಮ ದಿಕ್ಕಿನ ‘ವೆಸ್ಟ್’ ಹಾಗೂ ಒಳಅಂಗಿಯ ‘ವೆಸ್ಟ್’ ನಮ್ಮ ಲಿಪಿಯಲ್ಲಿ ಒಂದೇ. ಇಂಗ್ಲಿಷ್‌ನಲ್ಲಿ ಮೊದಲಕ್ಷರವೂ ಉಚ್ಚಾರಣೆಯೂ ಬೇರೆ. ಇಂತಹ ವ್ಯತ್ಯಾಸವನ್ನು ಮತ್ತೆ ಮತ್ತೆ ಕೇಳಿಯೇ ಕಲಿಯಬೇಕು. ಬೇಸರಿಸದೆ ಎಷ್ಟು ಸಲವಾದರೂ ಹೇಳಿಕೊಡುವುದು ಆ್ಯಪ್‌ನ ಅನುಕೂಲ.

ಯಾವುದನ್ನು ಆರಿಸಬೇಕು?

ಮಗು ಓದುವುದನ್ನು ಆಲಿಸಿ ತಿದ್ದುವ ಆ್ಯಪ್‌ಗಳಿವೆ. ಗೂಗಲ್ 2019ರಲ್ಲಿ ಭಾರತದಲ್ಲಿ ‘ಬೋಲೊ’ ಹೆಸರಿನಲ್ಲಿ ಆರಂಭಿಸಿ, 2020ರಲ್ಲಿ ‘ರೀಡ್ ಅಲಾಂಗ್’ ಎಂದು ಮರುನಾಮಕರಣ ಮಾಡಿದ್ದು ಈ ಬಗೆಯದು. ಡೌನ್‌ಲೋಡ್ ಮಾಡಿದ ಕಥೆಗಳನ್ನು ಇಂಟರ್‌ನೆಟ್ ಇಲ್ಲದೆಯೂ ಓದುವಂತೆ ಅದನ್ನು ರೂಪಿಸಲಾಗಿತ್ತು. ‘ಖಾನ್ ಅಕಾಡೆಮಿ ಕಿಡ್ಸ್’ 2ರಿಂದ 8 ವರ್ಷದವರಿಗಾಗಿ 2018ರಲ್ಲಿ ಬಂದ, ಜಾಹೀರಾತುಗಳಿಲ್ಲದ ಉಚಿತ ಆ್ಯಪ್. ಪ್ರಥಮ್ ಬುಕ್ಸ್ ಸಂಸ್ಥೆಯ ‘ಸ್ಟೋರಿವೀವರ್’ 2015ರಲ್ಲಿ ಆರಂಭವಾಯಿತು. ಒಂದೇ ಚಿತ್ರಕಥೆಯನ್ನು ಕನ್ನಡದಲ್ಲಿ ಓದಿ, ಬಳಿಕ ಇಂಗ್ಲಿಷ್‌ನಲ್ಲಿ ಓದಲು ಅದು ಸಹಕಾರಿ. ಶಾಲಾ ಪಾಠಗಳಿಗೆ 2017ರಲ್ಲಿ ಆರಂಭಗೊಂಡ ‘ದೀಕ್ಷಾ’ ಇದೆ.

ಜಾಹೀರಾತು ಇಲ್ಲದಿರುವುದು, ಇಂಟರ್‌ನೆಟ್ ಇಲ್ಲದಾಗಲೂ ನಡೆಯುವುದು ಹಾಗೂ ಮಗುವಿನಿಂದ ಮಾತಾಡಿಸುವುದು: ಈ ಮೂರು ಗುಣಗಳನ್ನು ಮೊದಲು ಪರಿಶೀಲಿಸಬೇಕು.

ಎಷ್ಟು ಹೊತ್ತು?

ಎರಡರಿಂದ ನಾಲ್ಕು ವರ್ಷದವರು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ನೋಡಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಮನೆಯಲ್ಲಿರುವ ಒಂದೇ ಮೊಬೈಲ್ ದುಡಿಮೆಗೆ ಹೋದವರ ಜತೆ ಸಂಜೆ ಮರಳುವುದಾದರೆ, ಊಟಕ್ಕೆ ಮೊದಲು 15-20 ನಿಮಿಷ ಮೀಸಲಿಟ್ಟರೂ ಸಾಕು. ದಿನವೂ ತಪ್ಪದಿರುವುದೇ ಮುಖ್ಯ.

ಪಾಲಕರ ಪಾತ್ರ

ತಮಗೆ ಇಂಗ್ಲಿಷ್ ಬಾರದೆಂದು ಪಾಲಕರು ಹಿಂಜರಿಯಬೇಕಿಲ್ಲ. ಓದಿದ ಕಥೆಯನ್ನು ಮನೆಮಾತಿನಲ್ಲಿ ಹೇಳುವಂತೆ ಮಗುವನ್ನು ಕೇಳಬೇಕು. ಹೇಳಲಾಗದಿದ್ದರೆ ಅದು ಬರೀ ಸದ್ದನ್ನು ಅನುಕರಿಸಿದೆ ಎಂದರ್ಥ. ಮಗುವಿನ ಉಚ್ಚಾರಣೆಯನ್ನು ಯಂತ್ರ ತಪ್ಪಾಗಿ ಗ್ರಹಿಸುವುದೂ ಉಂಟು, ಅದಕ್ಕಾಗಿ ಗದರಬಾರದು.

ಕಲಿತದ್ದು ಪರದೆಯಲ್ಲೇ ಉಳಿಯಬಾರದು. ವಾಡಿ ಜಂಕ್ಷನ್‌ನ ನಾಮಫಲಕ, ಸಿಮೆಂಟ್ ಚೀಲದ ಮೇಲಿನ ಅಕ್ಷರ, ಅಂಗಡಿಯ ಬೋರ್ಡು ಎಲ್ಲವೂ ಪಾಠವೇ. ಆ್ಯಪ್ ಶಿಕ್ಷಕರಿಗೆ ಪರ್ಯಾಯವಲ್ಲ. ಪಕ್ಕದಲ್ಲಿ ಕೂತು ಕೇಳುವ ತಂದೆ-ತಾಯಿಗೂ ಅಲ್ಲ.