ಹಗೇವಿಗೆ ದೀಪ, ಗುಂಡಿಗೆ ಮನುಷ್ಯ

ಮಳವಳ್ಳಿ ಸೀಮೆಯಲ್ಲಿ ರಾಗಿ ತುಂಬುತ್ತಿದ್ದ ಹಗೇವುಗಳನ್ನು ನಾನು ಕಂಡದ್ದು ಅವು ಪಾಳುಬಿದ್ದ ಮೇಲೆ. ಅಜ್ಜಿ ಹೇಳೋಳು: ಬಾಯಿ ತೆಗೆದ ತಕ್ಷಣ ಯಾರೂ ಇಳೀತಿರಲಿಲ್ಲ, ಗಾಳಿಯಾಡಕ್ಕೆ ಬಿಟ್ಟು, ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡೋರು. ದೀಪ ಕೆಟ್ಟರೆ ಇಳಿಯೋ ಹಂಗಿಲ್ಲ. ಕಾಳು ಉಸಿರಾಡಿ ಆಮ್ಲಜನಕ ತೀರಿಸುತ್ತದೆ, ಇಂಗಾಲದ ಡೈಆಕ್ಸೈಡ್ ತಳದಲ್ಲಿ ಮಡುಗಟ್ಟುತ್ತದೆ ಎಂಬ ರಸಾಯನಶಾಸ್ತ್ರ ಆಕೆಗೆ ತಿಳಿಯದು, ಪರೀಕ್ಷೆ ತಿಳಿದಿತ್ತು. ದೀಪದ ಹಿಂದೆ ಇಳಿಯುತ್ತಿದ್ದವನು ನಮ್ಮ ಕೇರಿಯವನೇ. ಆದರೂ ಮೊದಲು ದೀಪ ಇಳಿಯುತ್ತಿತ್ತು ಎಂಬುದನ್ನು ಗಮನಿಸಬೇಕು.

ಪಟ್ಟಣದ ಮಲದ ಗುಂಡಿಯ ಚರಿತ್ರೆಯಲ್ಲಿ ಈ ದೀಪವೂ ಇಲ್ಲ. ಇದ್ದಿದ್ದರೂ ಸಾಲುತ್ತಿರಲಿಲ್ಲವೆನ್ನಿ. ಮಲ, ಸಗಣಿ ಕೊಳೆತಲ್ಲಿ ಹುಟ್ಟುವ ಮೀಥೇನಿಗೆ ವಾಸನೆಯಿಲ್ಲ. ಗಾಳಿಯಲ್ಲಿ ಶೇಕಡ 5ರಿಂದ 15ರಷ್ಟಿದ್ದರೆ ಕಿಡಿ ತಾಗಿ ಸಿಡಿಯುತ್ತದೆ. ಜೊತೆಗಿರುವ ಹೈಡ್ರೋಜನ್ ಸಲ್ಫೈಡು ಇನ್ನೂ ಕಪಟಿ. ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಗಾಳಿಯ 10 ಲಕ್ಷ ಭಾಗಕ್ಕೆ 100 ಭಾಗದಷ್ಟಾದರೆ ಮೂಗನ್ನೇ ಕೊಲ್ಲುತ್ತದೆ. 'ವಾಸ್ನೆ ಹೋಯ್ತು ಕಣಣ್ಣ' ಅಂತ ಒಳಗಿನವನು ಕೂಗಿದರೆ ಗಾಳಿ ಶುದ್ಧವಾಯಿತೆಂದಲ್ಲ. ನಾತ ಸಹಿಸುವುದು ಇವರ ಹುಟ್ಟುಗುಣ ಎಂದು ನಂಬಿದ ಸಮಾಜ ಅದೇ ಮೂಗನ್ನು ಉಪಕರಣ ಮಾಡಿಕೊಂಡಿತು. ದಲಿತ ವಿಮರ್ಶೆ ಕಾವ್ಯ ಓದಿದ ಹಾಗೆ ಇಂಥ ಉಪಕರಣಗಳನ್ನೂ ಓದಬೇಕು.

1970ರ ದಶಕದ ಆರಂಭದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. ಮಲ ತಲೆಯಿಂದಿಳಿಯಿತು, ಮನುಷ್ಯ ಮಲದೊಳಕ್ಕೆ ಇಳಿದ. 1993ರ ಕಾಯ್ದೆಯ ಕಣ್ಣು ಒಣ ಪಾಯಿಖಾನೆಯ ಮೇಲಿತ್ತು, ಮ್ಯಾನ್‌ಹೋಲ್ ಅದಕ್ಕೆ ಕಾಣಲಿಲ್ಲ. ರಕ್ಷಣೆಯಿಲ್ಲದೆ ಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಅಪರಾಧವಾದದ್ದು 2013ರ ಕಾಯ್ದೆಯಲ್ಲಿ. ಅದರ ನಿಯಮಗಳ ಸಲಕರಣೆ ಪಟ್ಟಿಯಲ್ಲಿ ಗ್ಯಾಸ್ ಮಾನಿಟರೂ ಇದೆ. ಅಂಗೈಯಗಲದ ಯಂತ್ರ, ಆಮ್ಲಜನಕ ಇಳಿದರೆ, ವಿಷಗಾಳಿ ಏರಿದರೆ ಬಡಿದುಕೊಳ್ಳುತ್ತದೆ.

ಇದನ್ನು ಮಂಡ್ಯದ ತರಗತಿಯಲ್ಲಿ ಹೇಳುತ್ತಿದ್ದಾಗ ಹುಡುಗನೊಬ್ಬ ಎದ್ದು ನಿಂತ: 'ಅದು ಬಡ್ಕೊಂಡ್ರೆ ಇಳಿಯಲ್ಲ ಅನ್ನಕೆ ನಮ್ಮಪ್ಪಂಗೆ ಆಯ್ತದಾ ಸಾ?'

ಕಾನೂನಿನಲ್ಲಿ ಆಗುತ್ತದೆ ಎಂದೆ. ಆಮೇಲೆ ಮದ್ದೂರಿನದನ್ನೂ ಹೇಳಬೇಕಾಯಿತು. 2020ರಲ್ಲಿ ರಕ್ಷಣಾ ಸಾಧನಗಳಿಲ್ಲದೆ ಮ್ಯಾನ್‌ಹೋಲಿಗೆ ಇಳಿಸಲಾಗಿದ್ದ ಅಲ್ಲಿನ ಪೌರಕಾರ್ಮಿಕರೊಬ್ಬರು 2021ರ ಜನವರಿಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಗುಂಡಿಯಿಂದ ಅವರು ಜೀವಂತ ಎದ್ದು ಬಂದಿದ್ದರು. ಗ್ಯಾಸು ಅವರನ್ನು ಕೊಂದಿರಲಿಲ್ಲ.