ಹುಟ್ಟು ಸಾಕ್ಷಿಯಲ್ಲ

ಬೆಟಗೇರಿಯಲ್ಲಿ ಒಂದು ಜಾಗಕ್ಕೆ ಈಗಲೂ ಸೆಟ್ಲಮೆಂಟ್ ಅಂತಲೇ ಹೆಸರು. ಬ್ರಿಟಿಷರು ‘ಅಪರಾಧಿ ಬುಡಕಟ್ಟು’ ಎಂದು ಹಣೆಗೆ ಬರೆದ ಜನರನ್ನು ತಂದು ಕೂಡಿಹಾಕಿದ್ದು ಅಲ್ಲಿ. ಹೊತ್ತುಹೊತ್ತಿಗೆ ಹಾಜರಿ. ಹೊರಗೆ ಹೋಗಲು ಚೀಟಿ. ಚೀಟಿಯಿಲ್ಲದವ ಮುಂಡರಗಿ ಸಂತೆಯಲ್ಲಿ ಸಿಕ್ಕರೆ ಕಳವು ಮಾಡಿರಬೇಕಾಗಿರಲಿಲ್ಲ, ಸಿಕ್ಕದ್ದೇ ಅಪರಾಧ.

ಗೆಳೆಯರೆ, ಎರಡು ಇಸವಿ ನೆನಪಿಡಿ. 1871: ಅಪರಾಧಿ ಬುಡಕಟ್ಟುಗಳ ಕಾಯ್ದೆ. 1872: ಸಾಕ್ಷ್ಯ ಕಾಯ್ದೆ. ಎರಡೂ ಹುಟ್ಟಿದ್ದು ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ವೈಸರಾಯ್ ಮಂಡಲಿಯ ಕಾನೂನು ಸದಸ್ಯನಾಗಿದ್ದಾಗ. ಎರಡನೆಯದರ ಕರಡು ಅವನದೇ. ಅದರ 54ನೇ ಕಲಮು ಹೇಳುತ್ತದೆ: ಆರೋಪಿ ತಾನು ಒಳ್ಳೆಯವನೆಂದು ತಾನಾಗಿ ಸಾಕ್ಷ್ಯ ತರದಿದ್ದರೆ, ಅವನು ಕೆಟ್ಟವನೆಂಬ ಮಾತು ಕೋರ್ಟಿಗೆ ಬೇಡ. ಮೊದಲನೆಯದು? ಇಡೀ ಜಾತಿಯೇ ಕೆಟ್ಟದ್ದು, ಹಾಗೆ ಸಾರಿದ ಪ್ರಕಟಣೆಯನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ! ಒಬ್ಬನ ಮೇಲೆ ಆಡಬಾರದ ಮಾತನ್ನು ಸಾವಿರಾರು ಜನರ ಮೇಲೆ ಕಾಯ್ದೆ ಮಾಡಿ ಆಡಿದರು. 1911ರಲ್ಲಿ ಅದು ನಮ್ಮ ಮುಂಬಯಿ ಪ್ರಾಂತಕ್ಕೂ ಬಂತು. 1952ರ ಆಗಸ್ಟ್ 31ರಂದು ದೇಶದಿಂದ ಹೋಯಿತು. ಪೋಲೀಸರ ಬಾಯಿಂದ ಹೋಯಿತೆ?

ಕಟಕಟೆಯಲ್ಲಿ ನಿಂತ ಪೋಲೀಸಪ್ಪ ‘ಇವರ ಕಸುಬ ಅದು ಸಾಹೇಬ್ರ’ ಅಂತಾನೆ. ನಮ್ಮ ವಕೀಲ ತಕ್ಷಣ ಎದ್ದು ತಕರಾರು ಮಾಡಬೇಕು. ನ್ಯಾಯಾಧೀಶರು? ವಿಚಾರಣೆ ನಿಲ್ಲಬಾರದು, ತಕರಾರು ಬರೆದುಕೊಂಡು ಕೊನೆಗೆ ತೀರ್ಮಾನಿಸಿ ಎಂದು 2001ರಲ್ಲಿ ಬಿಪಿನ್ ಶಾಂತಿಲಾಲ್ ಪಾಂಚಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2021ರಲ್ಲಿ ತಿದ್ದಿಕೊಂಡಿತು: ಪ್ರಶ್ನೆಯ ಮೇಲಿನ ತಕರಾರನ್ನು ಆಗಲೇ, ತಪ್ಪಿದರೆ ಆ ಸಾಕ್ಷಿಯ ಹೇಳಿಕೆ ಮುಗಿದಾಗ, ತೀರ್ಮಾನಿಸಬೇಕು. ನನಗೆ ಇದೇ ಸರಿ ಕಾಣುತ್ತದೆ. ಯಾಕಂದರೆ ಅಪೀಲಿನಲ್ಲಿ ದಾರಿ ಇಕ್ಕಟ್ಟು. 167ನೇ ಕಲಮಿನಂತೆ (2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 169) ಬರಬಾರದ ಸಾಕ್ಷ್ಯ ಬಂದಿತ್ತೆಂಬುದೊಂದರಿಂದಲೇ ತೀರ್ಪು ಬೀಳುವುದಿಲ್ಲ. ಅದನ್ನು ಬದಿಗಿಟ್ಟು ಉಳಿದದ್ದನ್ನು ತೂಗುತ್ತಾರೆ, ಉಳಿದದ್ದೇ ಸಾಕೆನಿಸಿದರೆ ಶಿಕ್ಷೆ ನಿಲ್ಲುತ್ತದೆ. ಜೋಳದಾಗಿನ ಕಲ್ಲು ಆರಿಸಬಹುದು. ಹಾಲಿಗೆ ಬಿದ್ದ ಹುಳಿ ಹೇಗೆ ಆರಿಸುತ್ತೀರಿ? ‘ಇವರ ಕಸುಬ ಅದು’ ಎಂದು ಒಮ್ಮೆ ಕೇಳಿದ ಕಿವಿಗೆ ಉಳಿದ ಸಾಕ್ಷಿಯೆಲ್ಲ ದೊಡ್ಡದಾಗಿಯೇ ಕೇಳುತ್ತದೆ.

ಮೇಲಿನ ಕೋರ್ಟು ತಪ್ಪು ಹಿಡಿಯುತ್ತದೆ ಎನ್ನುವವರಿಗೆ ನೆರೆಯ ಮಹಾರಾಷ್ಟ್ರದ ಒಂದು ಪ್ರಕರಣ. ಕೊಲೆ, ಅತ್ಯಾಚಾರದ ಆರೋಪದಲ್ಲಿ ಆರು ಮಂದಿ ಅಲೆಮಾರಿಗಳಿಗೆ 2009ರಲ್ಲಿ ಸುಪ್ರೀಂ ಕೋರ್ಟೇ ಗಲ್ಲು ಹೇಳಿತು. ಬದುಕುಳಿದ ಹೆಣ್ಣುಮಗಳು ಪೋಲೀಸರ ಫೋಟೋಗಳಲ್ಲಿ ಮೊದಲು ಗುರುತಿಸಿದ್ದು ಬೇರೆ ನಾಲ್ವರನ್ನು. ತನಿಖೆ ಅತ್ತ ಹೋಗಲೇ ಇಲ್ಲ. ಮರುಪರಿಶೀಲನೆಯಲ್ಲಿ 2019ರ ಮಾರ್ಚ್ 5ರಂದು ಅದೇ ಕೋರ್ಟು ಆರೂ ಜನರನ್ನು ಬಿಟ್ಟಿತು. ಅಲೆಮಾರಿಗಳಾದ್ದರಿಂದ ಸುಳ್ಳೇ ಸಿಕ್ಕಿಸಿರುವ ಸಾಧ್ಯತೆಯಿದೆ ಎಂದೂ ಒಪ್ಪಿತು. ತಲಾ 5 ಲಕ್ಷ ರೂಪಾಯಿ ಪರಿಹಾರ. ಅಷ್ಟರಲ್ಲಿ ಜೈಲಿನಲ್ಲಿ 16 ವರ್ಷ ಕಳೆದಿದ್ದವು. ಘಟನೆ ನಡೆದಾಗ ಅವರಲ್ಲೊಬ್ಬ ಇನ್ನೂ ಬಾಲಕ.